ಅಜ್ಜನ ಯುದ್ಧಕಾಲದ ಕಾಗದಗಳಲ್ಲಿ ಯುದ್ಧವೇ ಇಲ್ಲ: ಇವನ್ನು ಓದುವ ಬಗೆ ಯಾವುದು?

ಪ್ರಶ್ನೆ — ಕೊರಟಗೆರೆ ಮೊಮ್ಮಗ

ಮಾನ್ಯರೇ, ಕಳೆದ ದೀಪಾವಳಿಯ ಹೊತ್ತಿಗೆ ಕೊರಟಗೆರೆ ತಾಲ್ಲೂಕಿನ ನಮ್ಮ ಹಳೆಯ ಮನೆಯ ಮಾಳಿಗೆಯನ್ನು ದುರಸ್ತಿ ಮಾಡಿಸುವಾಗ, ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕಿನಲ್ಲಿ ಅಜ್ಜಿಯ ಧಾರೆ ಸೀರೆಯ ಅಡಿಯಲ್ಲಿ ದಾರ ಕಟ್ಟಿಟ್ಟ ಕಾಗದಗಳ ಕಟ್ಟೊಂದು ದೊರೆಯಿತು. ಎಣಿಸಿ ನೋಡಿದರೆ 43 ಇವೆ. ಎಲ್ಲವೂ ನನ್ನ ಅಜ್ಜ ಎರಡನೆಯ ಮಹಾಯುದ್ಧದ ಕಾಲದಲ್ಲಿ ತಮ್ಮ ತಂದೆಗೆ ಬರೆದವು. ಮೊದಲನೆಯದು 1941ರ ಆಗಸ್ಟ್ ತಿಂಗಳದು, ಕೊನೆಯದು 1945ರ ನವೆಂಬರಿನದು. ಅಜ್ಜ ಬೆಂಗಳೂರಿನಲ್ಲಿ ಮದರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ಪಡೆಗೆ ಸೇರಿದ್ದರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅವರು ಎಲ್ಲಿ ಹೋರಾಡಿದರು, ಏನನ್ನು ಕಂಡರು ಎಂಬುದನ್ನು ಬದುಕಿರುವವರೆಗೂ ಬಾಯಿ ಬಿಟ್ಟು ಹೇಳಿದವರಲ್ಲ. ಆದ್ದರಿಂದ ಈ ಕಟ್ಟು ಸಿಕ್ಕಾಗ ನನಗಾದ ಸಂತೋಷವನ್ನು ನೀವು ಊಹಿಸಬಹುದು.

ಒಂದು ವಾರ ಕುಳಿತು ಎಲ್ಲವನ್ನೂ ಓದಿದ ಮೇಲೆ ಉಳಿದದ್ದು ನಿರಾಸೆ. ಪ್ರತಿಯೊಂದು ಕಾಗದವೂ "ತೀರ್ಥರೂಪು ತಂದೆಯವರ ಪಾದಾರವಿಂದಗಳಲ್ಲಿ ನಿಮ್ಮ ಬಾಲಕ ಮಾಡುವ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ" ಎಂದು ಆರಂಭವಾಗುತ್ತದೆ. ಆಮೇಲೆ "ಈ ಕಡೆ ನಾನು ಕ್ಷೇಮ". ಅದರ ಬೆನ್ನಿಗೆ ಕೆರೆಗೆ ನೀರು ಬಂತೇ, ರಾಗಿ ಎಷ್ಟು ಪಲ್ಲ ಆಯಿತು, ಮನಿಯಾರ್ಡರ್ ತಲುಪಿತೇ, ಕೆಂದಿ ಹಸು ಹೇಗಿದೆ ಎಂಬ ಪ್ರಶ್ನೆಗಳು. ಕೊನೆಗೆ ಊರಿನ ಹಿರಿಯರಿಗೆಲ್ಲ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. 1944ರ ಮಾರ್ಚ್ ತಿಂಗಳ ಕಾಗದವೂ ಹೀಗೆಯೇ ಇದೆ. ಆ ತಿಂಗಳು ಅವರು ಇಟಲಿಯಲ್ಲಿ ಇದ್ದಿರಬಹುದೆಂದು ನನ್ನ ಅಂದಾಜು. ಅಂಥ ಜಾಗದಿಂದ ಒಬ್ಬ ಮನುಷ್ಯ ಹಸುವಿನ ಯೋಗಕ್ಷೇಮವನ್ನು ಮಾತ್ರ ವಿಚಾರಿಸಿ ಕಾಗದ ಮುಗಿಸಲು ಹೇಗೆ ಸಾಧ್ಯ? ಅಜ್ಜಿಯ ಹೆಸರು 43ರಲ್ಲಿ ಒಂದರಲ್ಲಿಯೂ ಇಲ್ಲ, ಅವರಿಗೆ ಮದುವೆಯಾಗಿ ಆಗ ಎರಡು ವರ್ಷವೂ ಕಳೆದಿರಲಿಲ್ಲ.

ಇನ್ನು ಕೆಲವು ಸಂಗತಿಗಳನ್ನೂ ಹೇಳಬೇಕು. ಮೊದಲ ಆರು ಕಾಗದಗಳ ಅಕ್ಷರ ಅಜ್ಜನದಲ್ಲ. ಎರಡು ಕಾಗದಗಳಲ್ಲಿ ಒಂದೊಂದು ಸಾಲನ್ನು ಕಪ್ಪು ಮಸಿಯಿಂದ ಸಂಪೂರ್ಣವಾಗಿ ಅಳಿಸಲಾಗಿದೆ. ಬಹುತೇಕ ಕಾಗದಗಳು ಮಡಿಸಿ ಅಂಟಿಸುವ ಇನ್‌ಲ್ಯಾಂಡ್ ಲೆಟರ್‌ನ ಬಗೆಯವು. ವಿಳಾಸದಲ್ಲಿ ಊರಿನ ಹೆಸರಿಲ್ಲ, 12ನೇ ಫೀಲ್ಡ್ ಕಂಪನಿ ಎಂದೂ ಅದರ ಕೆಳಗೆ ಎಂ.ಇ.ಎಫ್. ಎಂದೂ ಇದೆ. 1944ರ ಆರಂಭದಿಂದ ಅದು ಸಿ.ಎಂ.ಎಫ್. ಎಂದು ಬದಲಾಗಿದೆ. ಇವುಗಳಿಂದ ಅಜ್ಜನ ಯುದ್ಧವನ್ನು ತಿಳಿಯಲು ದಾರಿಯಿದೆಯೇ ಎಂಬುದು ನನ್ನ ಪ್ರಶ್ನೆ. ಜೊತೆಗೆ, ಈ ಕಾಗದಗಳನ್ನು ಕಾಪಾಡುವ ಕ್ರಮವನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ — ನಿವೃತ್ತ ಅಂಚೆಯವನು

ನಾನು ಅಂಚೆ ಇಲಾಖೆಯಿಂದ ನಿಯೋಜನೆಯ ಮೇಲೆ ಕೆಲವು ವರ್ಷ ಸೇನಾ ಅಂಚೆ ಸೇವೆಯಲ್ಲಿ ಕೆಲಸ ಮಾಡಿದವನು. ಹೀಗಾಗಿ ಕಾಗದದ ಒಳಗಿನದಕ್ಕಿಂತ ಹೊರಗಿನದರ ಬಗ್ಗೆ ಹೇಳುವುದು ನನಗೆ ಸುಲಭ.

ಮೊದಲು ಒಂದು ತಿದ್ದುಪಡಿ. ನಿಮ್ಮ ಬಳಿಯಿರುವುದು ಇನ್‌ಲ್ಯಾಂಡ್ ಲೆಟರ್ ಆಗಿರಲು ಸಾಧ್ಯವಿಲ್ಲ. ಅದು ನಮ್ಮ ದೇಶದಲ್ಲಿ ಚಲಾವಣೆಗೆ ಬಂದದ್ದು 1950ರ ಅಕ್ಟೋಬರ್ 2ರಂದು. ನೀವು ನೋಡುತ್ತಿರುವುದು ಯುದ್ಧಕಾಲದಲ್ಲಿ ಸೈನಿಕರಿಗೆಂದು ಹಂಚಿದ ಏರ್ ಲೆಟರ್. ವಿಮಾನದಲ್ಲಿ ತೂಕ ಉಳಿಸುವುದಕ್ಕಾಗಿ ಲಕೋಟೆಯೂ ಕಾಗದವೂ ಒಂದೇ ಹಾಳೆಯಾಗುವಂತೆ ಮಾಡಿದ ಉಪಾಯ ಅದು. ಹಾಳೆ ಇಷ್ಟೇ ಎಂದಾದ ಮೇಲೆ ಬರವಣಿಗೆಯೂ ಇಷ್ಟೇ ಎಂದಾಗುತ್ತದೆ. ಅಜ್ಜ ಚುಟುಕಾಗಿ ಬರೆದದ್ದಕ್ಕೆ ಇದೂ ಒಂದು ಕಾರಣ.

ವಿಳಾಸದ ಅಕ್ಷರಗಳು ನೀವು ತಿಳಿದಿರುವುದಕ್ಕಿಂತ ಹೆಚ್ಚು ಮಾತನಾಡುತ್ತವೆ. ಎಂ.ಇ.ಎಫ್. ಎಂದರೆ ಮಿಡಲ್ ಈಸ್ಟ್ ಫೋರ್ಸಸ್, ಅಂದರೆ ಈಜಿಪ್ಟ್, ಲಿಬಿಯಾ ಮತ್ತು ಅವುಗಳ ಆಸುಪಾಸು. ಸಿ.ಎಂ.ಎಫ್. ಎಂದರೆ ಸೆಂಟ್ರಲ್ ಮೆಡಿಟರೇನಿಯನ್ ಫೋರ್ಸಸ್, ಅಂದರೆ ಇಟಲಿಯ ಕಡೆ. ಸಮುದ್ರ ದಾಟಿದ ಸಂಗತಿಯನ್ನು ಅಜ್ಜ ಬರೆಯುವಂತಿರಲಿಲ್ಲ, ಆದರೆ ವಿಳಾಸದ ಒಂದಕ್ಷರ ಬದಲಾದದ್ದೇ ಅದನ್ನು ಹೇಳಿದೆ. 12ನೇ ಫೀಲ್ಡ್ ಕಂಪನಿಯು 4ನೇ ಭಾರತೀಯ ಡಿವಿಜನ್ನಿನ ಜೊತೆಗಿದ್ದ ಮದರಾಸ್ ಸ್ಯಾಪರ್ಸ್ ಕಂಪನಿ. ಆ ಡಿವಿಜನ್ 1944ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳಲ್ಲಿ ಇಟಲಿಯ ಮೊಂಟೆ ಕಸಿನೊ ಬೆಟ್ಟದ ಆಸುಪಾಸಿನಲ್ಲಿತ್ತು. ಫೆಬ್ರವರಿ 15ರಂದು ಬೆಟ್ಟದ ತುದಿಯ ಮಠವನ್ನು ವಿಮಾನಗಳಿಂದ ನೆಲಸಮ ಮಾಡಿದ ಕದನವದು. ಅಲ್ಲಿ ಸ್ಯಾಪರ್‌ಗಳ ಕೆಲಸವೆಂದರೆ ದಾರಿ ಕಡಿಯುವುದು, ಸೇತುವೆ ಕಟ್ಟುವುದು, ನೆಲಬಾಂಬು ತೆಗೆಯುವುದು. ಅದೇ ತಿಂಗಳ 24ರಂದು, ಅದೇ ಡಿವಿಜನ್ನಿನ 11ನೇ ಫೀಲ್ಡ್ ಪಾರ್ಕ್ ಕಂಪನಿಯ ಸುಬೇದಾರ್ ಸುಬ್ರಮಣಿಯನ್ ಅವರು ಮಿನ್ಯಾನೊ ಎಂಬಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಗಿದ್ದವರನ್ನು ಉಳಿಸಿದರು; ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಎಂಬ ಬ್ರಿಟಿಷ್ ಶೌರ್ಯ ಪದಕ ಬಂತು. ಅದೂ ಮದರಾಸ್ ಸ್ಯಾಪರ್ಸ್‌ನದೇ ಕಂಪನಿ. ಆ ಸುದ್ದಿ ನಿಮ್ಮ ಅಜ್ಜನ ಕಿವಿಗೆ ಬೀಳದೆ ಇದ್ದಿರಲಾರದು. ಆದರೂ ಮಾರ್ಚಿನ ಕಾಗದದಲ್ಲಿ ಕೆಂದಿ ಹಸು ಮಾತ್ರ ಇದೆ.

ಕಾರಣ ಸೆನ್ಸಾರ್. ಇರುವ ಸ್ಥಳ, ಪಡೆಯಲ್ಲಿರುವವರ ಸಂಖ್ಯೆ, ಮುಂದಿನ ಚಲನೆ, ಹಡಗಿನ ಹೆಸರು, ಸತ್ತವರು ಹಾಗೂ ಗಾಯಗೊಂಡವರ ಸುದ್ದಿ, ಇವುಗಳಲ್ಲಿ ಯಾವುದನ್ನೂ ಸೈನಿಕನು ಬರೆಯುವಂತಿರಲಿಲ್ಲ. ಕಾಗದವನ್ನು ಮೊದಲು ತನ್ನ ಘಟಕದ ಅಧಿಕಾರಿಯೇ ಓದುತ್ತಿದ್ದ. ಅವನಿಗೆ ಬಾರದ ಭಾಷೆಯಲ್ಲಿದ್ದರೆ ಅದು ಹಿಂದಿನ ನೆಲೆಯ ಸೆನ್ಸಾರ್ ಕಚೇರಿಗೆ ಹೋಗಿ, ಆ ಭಾಷೆ ಬಲ್ಲವರ ಕೈ ದಾಟಬೇಕಾಗಿತ್ತು. ಕನ್ನಡದ ಕಾಗದವು ಇಂಗ್ಲಿಷಿನ ಕಾಗದಕ್ಕಿಂತ ತಡವಾಗಿ ಊರು ಸೇರಿದ್ದರೆ ಆಶ್ಚರ್ಯವಿಲ್ಲ. ನಿಮ್ಮಲ್ಲಿರುವ ಆ ಎರಡು ಕಪ್ಪು ಸಾಲುಗಳು ಅಜ್ಜ ನಿಯಮ ಮೀರಿದ ಎರಡು ಸಂದರ್ಭಗಳು. ಉಳಿದ 41ರಲ್ಲಿ ಅಳಿಸುವ ಕೆಲಸವನ್ನು ಅವರೇ, ಬರೆಯುವುದಕ್ಕೆ ಮೊದಲೇ, ಮಾಡಿ ಮುಗಿಸಿದ್ದರು.

ಪ್ರತಿ ಕಾಗದದ ಮೇಲಿನ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯ ಸಂಖ್ಯೆ ಮತ್ತು ದಿನಾಂಕವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಆ ಕಚೇರಿಗಳಿಗೆ ಊರಿನ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಪಡೆ ಸರಿದಂತೆ ಕಚೇರಿಯೂ ಸರಿಯುತ್ತಿತ್ತು. ಯಾವ ಸಂಖ್ಯೆ ಯಾವಾಗ ಎಲ್ಲಿತ್ತು ಎಂಬ ಪಟ್ಟಿಯನ್ನು ಅಂಚೆ ಇತಿಹಾಸದ ಸಂಗ್ರಾಹಕರು ಶ್ರದ್ಧೆಯಿಂದ ಮಾಡಿಟ್ಟಿದ್ದಾರೆ. ಬೆಂಗಳೂರಿನ ಅಂಚೆಚೀಟಿ ಸಂಗ್ರಾಹಕರ ಸಂಘದಲ್ಲಿ ವಿಚಾರಿಸಿದರೆ ದಾರಿ ಸಿಕ್ಕೀತು. ಸೇವಾ ದಾಖಲೆಗಾಗಿ ಮದರಾಸ್ ಎಂಜಿನಿಯರ್ ಗ್ರೂಪಿನ ಬೆಂಗಳೂರಿನ ದಾಖಲೆ ಕಚೇರಿಗೆ, ಅಜ್ಜನ ಸೈನಿಕ ಸಂಖ್ಯೆಯನ್ನು ನಮೂದಿಸಿ, ಬರೆಯಿರಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರೂ ಅರ್ಜಿಯ ವಿಷಯದಲ್ಲಿ ನೆರವಾಗುತ್ತಾರೆ. ಸಂಖ್ಯೆ ವಿಳಾಸದಲ್ಲಿಯೇ ಇರಬೇಕು, ನೋಡಿ.

ಉತ್ತರ — ಪತ್ರಾಗಾರದ ಓದುಗ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ, ಆದರೆ ಸೆನ್ಸಾರ್ ಒಂದನ್ನೇ ಕಾರಣವಾಗಿ ಹೇಳಿದರೆ ಅರ್ಧ ಹೇಳಿದಂತೆ. ಮೊದಲನೆಯ ಮಹಾಯುದ್ಧದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಪಡೆಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಕೆಲವೇ ತಿಂಗಳಲ್ಲಿ ಅವರ ಕಾಗದಗಳನ್ನು ಓದಲೆಂದೇ ಒಂದು ಕಚೇರಿ ಹುಟ್ಟಿಕೊಂಡಿತು. ಅದರ ಮುಖ್ಯಸ್ಥನಾಗಿದ್ದವನು ಐ.ಸಿ.ಎಸ್. ಅಧಿಕಾರಿ ಇ. ಬಿ. ಹೊವೆಲ್. ಅವನ ಕೈಕೆಳಗಿನವರು ಉರ್ದು, ಗುರುಮುಖಿ ಲಿಪಿಯ ಪಂಜಾಬಿ, ಹಿಂದಿ ಮುಂತಾದ ಭಾಷೆಗಳ ಕಾಗದಗಳನ್ನು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ, ವರದಿಯೊಂದಿಗೆ ಮೇಲಕ್ಕೆ ಕಳುಹಿಸುತ್ತಿದ್ದರು. ಆ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸಿಪಾಯಿಗಳಿಗೆ ತಮ್ಮ ಕಾಗದ ಯಾರದೋ ಕಣ್ಣಿಗೆ ಬೀಳುತ್ತದೆಂಬ ಅರಿವು ಬೇಗನೆ ಬಂತು. ಆಗ ಅವರು ಕರಿಮೆಣಸು, ಕೆಂಪು ಮೆಣಸು ಎಂದು ಬರೆಯತೊಡಗಿದರು: ಕರಿಮೆಣಸು ಎಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸಿಪಾಯಿ, ಕರಿಮೆಣಸು ಮುಗಿಯುತ್ತ ಬಂದಿದೆ ಎಂದರೆ ಉಳಿದದ್ದನ್ನು ಊರಿನವರು ತಿಳಿದುಕೊಳ್ಳಬೇಕು. ಸೆನ್ಸಾರಿನವರಿಗೂ ಇದು ಅರ್ಥವಾಗುತ್ತಿತ್ತು, ಅರ್ಥವಾದದ್ದರಿಂದಲೇ ಅದು ಇಂದು ನಮಗೆ ತಿಳಿದಿದೆ. ಗಾಯಾಳುಗಳಲ್ಲಿ ಕೆಲವರು ಇದು ಯುದ್ಧವಲ್ಲ, ಲೋಕದ ಕೊನೆ ಎಂದೂ ಮಹಾಭಾರತದ ಕಾಳಗದಂತೆ ಎಂದೂ ಬರೆದರು. ಅಂದರೆ ಸೆನ್ಸಾರ್ ಇದ್ದಾಗಲೂ ಹೇಳಬೇಕೆಂದವರು ಹೇಳಿದ್ದಾರೆ. ನಿಮ್ಮ ಅಜ್ಜ ಹೇಳಲಿಲ್ಲವೆಂದರೆ ಅದಕ್ಕೆ ಬೇರೆ ಕಾರಣಗಳನ್ನೂ ಹುಡುಕಬೇಕು.

ನನ್ನ ಎಣಿಕೆಯಲ್ಲಿ ಮುಖ್ಯ ಕಾರಣವೆಂದರೆ, ಆ ಕಾಗದ ಎರಡು ತುದಿಗಳಲ್ಲಿಯೂ ಖಾಸಗಿಯಾಗಿರಲಿಲ್ಲ ಎಂಬುದು. ಮೊದಲ ಆರು ಕಾಗದಗಳ ಅಕ್ಷರ ಅಜ್ಜನದಲ್ಲವೆಂದಿರಿ. ಪಡೆಯಲ್ಲಿ ಅಕ್ಷರ ಬಲ್ಲವನೊಬ್ಬ ಹತ್ತಾರು ಮಂದಿಗೆ ಕಾಗದ ಬರೆದುಕೊಡುವುದು ಎರಡೂ ಯುದ್ಧಗಳಲ್ಲಿ ಸಾಮಾನ್ಯವಾಗಿತ್ತು. ಏಳನೆಯ ಕಾಗದದಿಂದ ಅಜ್ಜನ ಅಕ್ಷರ ಬಂದಿದ್ದರೆ ಅವರು ಪಡೆಯ ಶಾಲೆಯಲ್ಲಿಯೋ ಗೆಳೆಯನ ಬಳಿಯೋ ಬರೆಯಲು ಕಲಿತರೆಂದು ಊಹಿಸಬಹುದು. ಅದೂ ಅವರ ಯುದ್ಧದ ಕಥೆಯ ಒಂದು ಭಾಗವೇ. ಈ ತುದಿಯಲ್ಲಿ, ಊರಿನಲ್ಲಿ, ಕಾಗದವನ್ನು ಓದಿ ಹೇಳಿದವರು ಯಾರು? ಶಾಲೆಯ ಮೇಷ್ಟರೋ, ಶಾನುಭೋಗರೋ, ಅಂಚೆಯವನೋ ಇರಬೇಕು. ಕೇಳಲು ಜಗಲಿಯ ತುಂಬ ಜನ ಇದ್ದಿರಬೇಕು. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳುವಾಗ ಅವಳ ಹೆಸರನ್ನು ಹತ್ತು ಜನರ ಮುಂದೆ ಮೇಷ್ಟರ ಬಾಯಲ್ಲಿ ಹೇಳಿಸುವುದು ಆ ಕಾಲದ ಮರ್ಯಾದೆಗೆ ಒಪ್ಪುವ ಮಾತಾಗಿರಲಿಲ್ಲ.

ಇನ್ನೊಂದು ಮಾತನ್ನು ಸೇರಿಸಿ ಮುಗಿಸುತ್ತೇನೆ, ಇದು ವಿಷಯಕ್ಕೆ ಸ್ವಲ್ಪ ಪಕ್ಕದ್ದು. ಫ್ರಾನ್ಸಿನ ಆ ವರದಿಗಳಲ್ಲಿ ಉಳಿದಿರುವುದು ಬಹುತೇಕ ಇಂಗ್ಲಿಷ್ ಅನುವಾದ ಮಾತ್ರ. ಮೂಲ ಕಾಗದ ತನ್ನ ದಾರಿ ಹಿಡಿದು ಹಳ್ಳಿ ಸೇರಿ ಹುಳ ತಿಂದು ಹೋಯಿತು. ಸಿಪಾಯಿ ಯಾವ ಮಾತು ಬಳಸಿದ ಎಂಬುದು ಸೆನ್ಸಾರ್ ಆರಿಸಿ ಅನುವಾದಿಸಿದಷ್ಟೇ ನಮಗೆ ದೊರೆಯುತ್ತದೆ. ಕನ್ನಡದ ಮಟ್ಟಿಗೆ ಅದೂ ಇಲ್ಲ: ಆ ಯುದ್ಧದಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಹೊರಟದ್ದು ಈಜಿಪ್ಟಿಗೆ, ಅಲ್ಲಿಂದ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕಾಳಗಕ್ಕೆ, ಫ್ರಾನ್ಸಿನ ವರದಿಗಳಲ್ಲಿ ಅವರನ್ನು ಹುಡುಕಿ ಪ್ರಯೋಜನವಿಲ್ಲ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ವಿಗ್ರಹಗಳಲ್ಲಿ ಒಂದು ಅವರದು, ಕಲ್ಲಿನ ಮೇಲೆ ಹೆಸರೂ ಇದೆ. ಅವರು ಮನೆಗೆ ಬರೆದ ಮಾತಿನ ಒಂದು ಸಾಲನ್ನೂ ನಾನು ಇದುವರೆಗೆ ಕಂಡಿಲ್ಲ. ನಿಮ್ಮ ಟ್ರಂಕಿನಲ್ಲಿರುವುದು ಅನುವಾದವಲ್ಲ, ಮೂಲ. ಅದರಲ್ಲಿ ಏನೂ ಇಲ್ಲವೆಂದು ನೀವು ಬೇಸರಪಡುತ್ತಿದ್ದೀರಿ!

ಉತ್ತರ — ಜಗಲಿಕಟ್ಟೆ

ನಮ್ಮ ತಾಯಿಯ ಮನೆಯಲ್ಲಿ ಇಂಥ ಕಾಗದಗಳನ್ನು ನನ್ನ ಚಿಕ್ಕಂದಿನಲ್ಲಿ ಅಜ್ಜಿಗೆ ಓದಿ ಹೇಳುವ ಕೆಲಸ ನನ್ನದಾಗಿತ್ತು. ಅವು 1962 ಮತ್ತು 1965ರ ಕಾಲದವು, ಬರೆದವರು ನನ್ನ ಸೋದರಮಾವ. ಆ ಅನುಭವದಿಂದ ಒಂದು ಮಾತು: ಅಂಥ ಕಾಗದಗಳಲ್ಲಿ ಸುದ್ದಿ ಇರುವುದು ನಡುವಿನ ಒಕ್ಕಣೆಯಲ್ಲಲ್ಲ, ಮೊದಲಿನ ಮತ್ತು ಕೊನೆಯ ಒಕ್ಕಣೆಯಲ್ಲಿ. ನೀವು ಅದನ್ನು ಪ್ರತಿ ಸಲವೂ ಒಂದೇ ಎಂದು ದಾಟಿಬಿಟ್ಟಿದ್ದೀರಿ.

ಅಜ್ಜಿ ಹಾಗೆ ದಾಟುತ್ತಿರಲಿಲ್ಲ. ಯಾರಿಗೆ ಮೊದಲು ನಮಸ್ಕಾರ, ಯಾರಿಗೆ ಆಮೇಲೆ, ಯಾರ ಹೆಸರು ಈ ಸಲ ಬಿಟ್ಟುಹೋಗಿದೆ ಎಂಬುದನ್ನು ಎರಡೆರಡು ಸಲ ಓದಿಸಿಕೊಂಡು ಬೆರಳು ಮಡಿಸಿ ಎಣಿಸುತ್ತಿದ್ದಳು. "ನಾನು ಕ್ಷೇಮ" ಎಂಬುದಕ್ಕೂ "ದೇವರ ದಯದಿಂದ ಕ್ಷೇಮ" ಎಂಬುದಕ್ಕೂ "ಸದ್ಯಕ್ಕೆ ಕ್ಷೇಮ" ಎಂಬುದಕ್ಕೂ ನಡುವೆ ಅವಳಿಗೆ ಊರಷ್ಟು ಅಂತರವಿತ್ತು. ಮಾವ ಒಮ್ಮೆ "ಸದ್ಯಕ್ಕೆ" ಎಂದು ಬರೆದಿದ್ದರೆಂದು ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾವ ಆಗ ಆಸ್ಪತ್ರೆಯಲ್ಲಿದ್ದರೆಂಬುದು ನಮಗೆ ಗೊತ್ತಾದದ್ದು ಅವರು ರಜೆಯ ಮೇಲೆ ಬಂದಾಗ. "ಮನೆಯಲ್ಲಿ ಎಲ್ಲರೂ" ಎಂಬ ಮಾತು ಬಂದರೆ ಅದು ಅತ್ತೆಗೆ. "ಮನೆಯಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಊಟ ಮಾಡಬೇಕೆಂದು ಹೇಳುವುದು" ಎಂದು ಓದಿದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು. ನಿಮ್ಮ 43 ಕಾಗದಗಳಲ್ಲಿ ಅಂಥ ಮಾತು ಎಲ್ಲಿ ಬಂದಿದೆ, ಎಲ್ಲಿ ಬಂದಿಲ್ಲ ನೋಡಿ. ನಿಮ್ಮ ಅಜ್ಜಿಯ ಹೆಸರು ಅಲ್ಲಿ ಸಿಕ್ಕೀತು.

ಕಟ್ಟಿನಲ್ಲಿ ತಿಂಗಳುಗಟ್ಟಲೆ ಬಿಡುವು ಇದ್ದರೆ ಅದನ್ನೂ ಗಮನಿಸಿ. ಶುಭದ ಕಾಗದಕ್ಕೆ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಮಾತಿರುವ ಕಾಗದವನ್ನು ಓದಿದ ಕೂಡಲೇ ಹರಿದು ಹೊರಗೆ ಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಅಜ್ಜನು ಯಾರದಾದರೂ ಮರಣಕ್ಕೆ ದುಃಖ ಸೂಚಿಸಿ ಬರೆದಿದ್ದರೆ ಆ ಕಾಗದ ನಿಮ್ಮ ಟ್ರಂಕನ್ನು ಸೇರಿರುವುದಿಲ್ಲ. ಅಂದರೆ ಈ ಕಟ್ಟು ಮೊದಲೇ ಒಮ್ಮೆ ಸೋಸಿದ ಕಟ್ಟು, ಸೋಸಿದವರು ನಿಮ್ಮ ಮನೆಯವರೇ.

ಉತ್ತರ — ಒಣಭೂಮಿ

ಎಲ್ಲರೂ ವಿದ್ವತ್ತಿನಿಂದ ಬರೆದಿದ್ದಾರೆ, ಆದರೂ ಒಂದು ಎಚ್ಚರಿಕೆಯ ಮಾತು ಅಗತ್ಯವೆನಿಸುತ್ತದೆ. ಹೇಳದೆ ಇದ್ದುದರಲ್ಲಿ ಅರ್ಥ ಹುಡುಕುವ ಭರದಲ್ಲಿ ಹೇಳಿದ್ದನ್ನು ಮರೆಯಬಾರದು. ರಾಗಿ ಎಷ್ಟು ಪಲ್ಲ ಆಯಿತು ಎಂದು ಅಜ್ಜ ಕೇಳಿದರೆ ಅವರಿಗೆ ಬೇಕಾದದ್ದು ರಾಗಿಯ ಲೆಕ್ಕ. ಕೊರಟಗೆರೆಯಂಥ ಮಳೆಯಾಶ್ರಿತ ನೆಲದ ರೈತನ ಮಗ ಸೇನೆಗೆ ಸೇರುವುದು ಸಾಮಾನ್ಯವಾಗಿ ಮನೆಯ ಸಾಲಕ್ಕಾಗಿ, ತಂಗಿಯ ಮದುವೆಗಾಗಿ. 1943ರಲ್ಲಿ ಬಂಗಾಳದ ಬರಗಾಲದ ಸುದ್ದಿ ಪಡೆಗಳಿಗೆ ತಲುಪಿದಾಗ ಊರಿನ ಬೆಲೆಯೇರಿಕೆ, ಮನೆಯವರ ಅನ್ನದ ಚಿಂತೆ ಭಾರತೀಯ ಸೈನಿಕರ ಕಾಗದಗಳಲ್ಲಿ ತುಂಬಿಹೋಗಿತ್ತೆಂದು ಸೆನ್ಸಾರ್ ವರದಿಗಳೇ ಹೇಳುತ್ತವೆ. 25 ಲಕ್ಷ ಜನರ ಆ ಪಡೆಯಲ್ಲಿ ಬಹುಪಾಲು ಹಳ್ಳಿಯವರು. ಅವರಿಗೆ ಕಸಿನೊದ ಮಠಕ್ಕಿಂತ ಕೆರೆಯ ನೀರು ದೊಡ್ಡದು. ಇದರಲ್ಲಿ ಗುಟ್ಟೇನೂ ಇಲ್ಲ. ಮೆಣಸು ಮೆಣಸಲ್ಲದೆ ಇರಬಹುದು, ರಾಗಿ ಮಾತ್ರ ರಾಗಿಯೇ.

ಸಂರಕ್ಷಣೆಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನನಗೆ ತಿಳಿದಷ್ಟು ಹೇಳುತ್ತೇನೆ. ಲ್ಯಾಮಿನೇಶನ್ ಮಾಡಿಸಬೇಡಿ, ಹರಿದ ಕಡೆ ಸೆಲ್ಲೊಟೇಪ್ ಹಚ್ಚಬೇಡಿ. ಎರಡೂ ಕೆಲವೇ ವರ್ಷಗಳಲ್ಲಿ ಕಾಗದವನ್ನು ಹಳದಿ ಮಾಡಿ ಕೆಡಿಸುತ್ತವೆ. ಅಕ್ಷರ ಬೂದು ಬಣ್ಣದಲ್ಲಿದ್ದು ಅಲ್ಲಲ್ಲಿ ನೇರಳೆಯಾಗಿದ್ದರೆ ಅದು ಮಸಿ ಪೆನ್ಸಿಲ್ಲಿನ ಬರಹ. ತೇವ ತಾಕಿದ ಕ್ಷಣ ಅದು ನೇರಳೆಯಾಗಿ ಹರಡುತ್ತದೆ, ಹಾಗಾಗಿ ಒದ್ದೆ ಬಟ್ಟೆಯಿಂದ ಒರೆಸುವ ಯೋಚನೆಯೂ ಬೇಡ. ತಾಳೆಗರಿಗೆ ಹಚ್ಚುವ ಎಣ್ಣೆಯನ್ನು ಕಾಗದಕ್ಕೆ ಹಚ್ಚುವವರನ್ನೂ ನೋಡಿದ್ದೇನೆ, ಅದಂತೂ ಮಹಾಪರಾಧ. ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ, ನೆರಳಿನ ಬೆಳಕಿನಲ್ಲಿ ಎರಡೂ ಬದಿಯ ಚಿತ್ರ ತೆಗೆದುಕೊಂಡು, ಆಮ್ಲರಹಿತ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ದಾರದಿಂದ ಮತ್ತೆ ಕಟ್ಟಬೇಡಿ, ಆದರೆ ಆ ದಾರವನ್ನು ಎಸೆಯಲೂ ಬೇಡಿ.

ಮರುಬರಹ — ಕೊರಟಗೆರೆ ಮೊಮ್ಮಗ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಏನೇನು ಮಾಡಿದೆ ಎಂಬುದನ್ನು ಹೇಳುತ್ತೇನೆ.

ಮುದ್ರೆಗಳ ಪಟ್ಟಿ ಸಿದ್ಧವಾಗಿದೆ. ಎಂಟು ಬೇರೆ ಬೇರೆ ಸಂಖ್ಯೆಗಳು ಬಂದಿವೆ, ಐದು ಮುದ್ರೆಗಳು ಓದಲಾಗದಷ್ಟು ಮಸುಕಾಗಿವೆ. ಅಜ್ಜನ ಸೈನಿಕ ಸಂಖ್ಯೆ ವಿಳಾಸದಲ್ಲಿಯೇ ಇತ್ತು. ಅದನ್ನು ಹಾಕಿ ದಾಖಲೆ ಕಚೇರಿಗೆ ಬರೆದಿದ್ದೇನೆ. ಜಗಲಿಕಟ್ಟೆಯವರು ಹೇಳಿದಂತೆ ಕಾಗದಗಳನ್ನು ತಾರೀಕಿನ ಕ್ರಮದಲ್ಲಿಟ್ಟು ಮೊದಲ ಮತ್ತು ಕೊನೆಯ ಒಕ್ಕಣೆಯನ್ನಷ್ಟೇ ಬರೆದುಕೊಂಡೆ. "ಮಾತೃಶ್ರೀಯವರಿಗೆ ಸಾಷ್ಟಾಂಗ" ಎಂಬ ಸಾಲು 1943ರ ಜುಲೈ ಕಾಗದದಿಂದ ಇಲ್ಲ. ಅದಕ್ಕೆ ಮೊದಲಿನ ನಾಲ್ಕು ತಿಂಗಳು ಕಾಗದವೇ ಇಲ್ಲ. ನಮ್ಮ ಮುತ್ತಜ್ಜಿ ತೀರಿಕೊಂಡದ್ದು ಆ ವರ್ಷದ ಯುಗಾದಿಯ ಆಸುಪಾಸಿನಲ್ಲಿ ಎಂದು ಮನೆಯಲ್ಲಿ ಹೇಳುವುದನ್ನು ಕೇಳಿದ್ದೆ. "ಮನೆಯಲ್ಲಿ ಎಲ್ಲರೂ" ಎಂಬ ಮಾತು ಹತ್ತೊಂಬತ್ತು ಕಡೆ ಇದೆ. 1944ರ ಮಾರ್ಚಿನ ಕಾಗದದಲ್ಲಿ ಅದು ಎರಡು ಸಲ ಬಂದಿದೆ, ಬೇರೆ ಯಾವುದರಲ್ಲಿಯೂ ಎರಡು ಸಲ ಇಲ್ಲ.

ಆಮೇಲೆ ಕಾಗದಗಳ ಚಿತ್ರಗಳನ್ನು ತೆಗೆದುಕೊಂಡು ತುಮಕೂರಿನಲ್ಲಿರುವ ನನ್ನ ಅಜ್ಜನ ತಂಗಿಯ ಬಳಿಗೆ ಹೋದೆ. ಅವರಿಗೆ ಈಗ ತೊಂಬತ್ತು ದಾಟಿದೆ, ಕಿವಿ ಮಂದ, ನೆನಪು ಮಾತ್ರ ಚೆನ್ನಾಗಿದೆ. ಕಾಗದಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಹೇಳಿದೆ. ಐದಾರು ಕಾಗದ ಕೇಳಿದ ಮೇಲೆ ಅವರು ನಗಲಾರಂಭಿಸಿದರು. ಯಾಕೆಂದು ಕೇಳಿದರೆ, ಕೆಂದಿ ಹಸುವನ್ನು 1943ರಲ್ಲಿಯೇ ಮಾರಿ ಆಗಿತ್ತು ಎಂದರು. ತಾಯಿಯ ತಿಥಿಯ ಖರ್ಚಿಗೆ ಹಣವಿರಲಿಲ್ಲ, ಮನಿಯಾರ್ಡರ್ ಎರಡು ತಿಂಗಳು ಬಂದಿರಲಿಲ್ಲ, ರಾಗಿಯ ಬೆಲೆ ಏರಿತ್ತು. ಹಸುವನ್ನು ಸಂತೆಗೆ ಹೊಡೆದುಕೊಂಡು ಹೋದವರ ಹಿಂದೆ ಅವರೂ ಊರ ಬಾಗಿಲ ತನಕ ಹೋಗಿದ್ದರಂತೆ, ಆಗ ಅವರಿಗೆ ಒಂಬತ್ತೋ ಹತ್ತೋ ವರ್ಷ. ಅಣ್ಣನಿಗೆ ಅದನ್ನು ಬರೆಸಬಾರದೆಂದು ಮುತ್ತಜ್ಜ ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದರು. ಪ್ರತಿ ಸಲ ಹಸು ಹೇಗಿದೆ ಎಂದು ಕಾಗದ ಬಂದಾಗಲೂ ಮೇಷ್ಟರ ಕೈಯಲ್ಲಿ "ಕೆಂದಿ ಚೆನ್ನಾಗಿದೆ" ಎಂದು ಬರೆಸುತ್ತಿದ್ದರಂತೆ. ಒಮ್ಮೆ ಕರು ಹಾಕಿತು ಎಂದೂ ಬರೆಸಿದರಂತೆ! ಅದಕ್ಕೆ ಅಜ್ಜನ ಉತ್ತರ ನನ್ನ ಕಟ್ಟಿನಲ್ಲಿಯೇ ಇದೆ, 36ನೆಯ ಕಾಗದ: ಗಿಣ್ಣು ಹಾಲನ್ನು ಮೇಷ್ಟರ ಮನೆಗೂ ಕೊಡಬೇಕೆಂದು ಬರೆದಿದ್ದಾರೆ.

ನಾನು ಇಷ್ಟು ದಿನ ಅಜ್ಜ ಏನನ್ನು ಬಚ್ಚಿಟ್ಟರೆಂದು ಹುಡುಕುತ್ತಿದ್ದೆ. ಮನೆಯಿಂದ ಅವರಿಗೆ ಹೋದ ಕಾಗದಗಳಲ್ಲಿ ಒಂದೂ ಉಳಿದಿಲ್ಲ. ಒಣಭೂಮಿಯವರ ಮಾತು ಸರಿ, ಹಸು ಹಸುವೇ ಆಗಿತ್ತು, ಇಲ್ಲದಿದ್ದುದು ಹಟ್ಟಿಯಲ್ಲಿ.

ಅಜ್ಜ 1946ರಲ್ಲಿ ಊರಿಗೆ ಬಂದಾಗ ಏನಾಯಿತೆಂದು ಕೇಳಿದೆ. ಸಂಜೆಯ ಹೊತ್ತಿಗೆ ಬಂದರಂತೆ, ಹಸಿರು ಬಣ್ಣದ ದೊಡ್ಡ ಚೀಲವನ್ನು ಜಗಲಿಯ ಮೇಲಿಟ್ಟು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದರಂತೆ, ಹೋಗುವಾಗ ಹಟ್ಟಿಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರಂತೆ. ಒಳಗೆ ಬಂದವರು ಹಸುವಿನ ವಿಷಯವನ್ನೂ ಎತ್ತಲಿಲ್ಲ, ಕರುವಿನ ವಿಷಯವನ್ನೂ ಎತ್ತಲಿಲ್ಲ. ಮುತ್ತಜ್ಜನೂ ಇಟಲಿಯ ವಿಷಯ ಕೇಳಲಿಲ್ಲ.

ಮಸಿ ಬಳಿದ ಆ ಎರಡು ಸಾಲುಗಳನ್ನು ಓದಲು ಸಾಧ್ಯವೇ ಎಂದು ಬೆಂಗಳೂರಿನ ಕಾಗದ ಸಂರಕ್ಷಕರೊಬ್ಬರನ್ನು ವಿಚಾರಿಸಿದ್ದೇನೆ. ಬೇರೆ ಬೆಳಕಿನಲ್ಲಿ ಚಿತ್ರ ತೆಗೆದರೆ ಮೇಲಿನ ಮಸಿ ಮತ್ತು ಕೆಳಗಿನ ಪೆನ್ಸಿಲ್ ಬೇರೆಯಾಗಿ ಕಾಣಬಹುದು ಎಂದಿದ್ದಾರೆ. ಮುಂದಿನ ತಿಂಗಳು ಒಯ್ಯುತ್ತೇನೆ.